ಏಳನೇ ತಿಂಗಳಲ್ಲೇ ಮುಗಿಯಬೇಕಾದ ಮಾತುಕತೆ

ಬೆಂಗಳೂರಿನ ರಾಜಗೋಪಾಲನಗರದ ಬಾಡಿಗೆ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ಬಸುರಿಯಾದ ಸುದ್ದಿ ಹೊರಬಿದ್ದರೆ ಹಿಂದೆಯೇ ಬರುವ ಪ್ರಶ್ನೆ ಒಂದೇ: ಹೆರಿಗೆಗೆ ತವರಿಗೆ ಕಳಿಸೋದಾ, ಇಲ್ಲೇ ಇಟ್ಕೊಳ್ಳೋದಾ? ಯಾವ ಆಸ್ಪತ್ರೆ, ಎಷ್ಟು ಖರ್ಚು, ಎಷ್ಟು ದಿನ ರಜೆ ಎಂಬ ಮಿಕ್ಕ ಪ್ರಶ್ನೆಗಳೆಲ್ಲ ಇದಕ್ಕೇ ಜೋತುಬಿದ್ದಿರುತ್ತವೆ. ಆದರೂ ಎಷ್ಟೋ ಮನೆಗಳಲ್ಲಿ ಇದು ತೀರ್ಮಾನವಾಗುವುದು ಸೀಮಂತದ ದಿನ, ಊರಿಂದ ಬಂದ ಹಿರಿಯರ ನಡುವೆ. ಅಷ್ಟು ಹೊತ್ತಿಗೆ ಎಂಟೋ ಒಂಬತ್ತೋ ತಿಂಗಳಾಗಿರುತ್ತದೆ. ಹೊಟ್ಟೆ ಹೊತ್ತವಳ ಅಭಿಪ್ರಾಯ ಕೇಳುವುದಕ್ಕೂ ಆಗ ಪುರಸೊತ್ತು ಇರುವುದಿಲ್ಲ.

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಬೆಳೆದ ಬಡಾವಣೆ ಇದು. ಅತ್ತ ಲಗ್ಗೆರೆ, ಇತ್ತ ಹೆಗ್ಗನಹಳ್ಳಿ. ನಡುವೆ ಲೇತ್ ಯಂತ್ರಗಳ ಶೆಡ್ಡು, ಪೌಡರ್ ಕೋಟಿಂಗ್ ಘಟಕ, ಗಾರ್ಮೆಂಟ್ಸ್. ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗದಿಂದ ಬಂದವರ ಜೊತೆಗೆ ರಾಯಚೂರು, ಕಲಬುರಗಿಯವರು ಇದ್ದಾರೆ. ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದವರೂ ಇದ್ದಾರೆ. ಒಬ್ಬಳಿಗೆ ತವರು ತುಮಕೂರು ರಸ್ತೆಯಲ್ಲಿ ಎರಡು ಗಂಟೆಯ ಬಸ್ಸು, ಇನ್ನೊಬ್ಬಳಿಗೆ ಎರಡು ದಿನದ ರೈಲು. ಹೀಗಿರುವಾಗ ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬ ಪದ್ಧತಿ ಎಲ್ಲರಿಗೂ ಒಂದೇ ಅಳತೆಗೆ ಹೊಂದುವುದಿಲ್ಲ.

ಇದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮ ಇದ್ದರು. ಆಸ್ಪತ್ರೆಯೂ ರಸ್ತೆಯೂ ಇಲ್ಲದ ಕಾಲದಲ್ಲಿ ಏಳು ದಶಕ ಹಳ್ಳಿ ಹಳ್ಳಿ ಸುತ್ತಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ವರ್ಷದ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅಂಥವರು ಊರಲ್ಲಿದ್ದಾಗ ಬಸುರಿಗೆ ತನ್ನ ಹೆರಿಗೆ ಯಾರ ಕೈಯಲ್ಲಿ ಆಗುತ್ತದೆಂಬುದು ಮೊದಲ ತಿಂಗಳಿಂದಲೇ ಗೊತ್ತಿತ್ತು. ಹೆರಿಗೆ ಆಸ್ಪತ್ರೆಗೆ ಸಾಗಿದ ಮೇಲೆ ಜೀವಗಳು ಉಳಿದವು. ಆದರೆ ಯಾರು, ಎಲ್ಲಿ ಎಂಬ ಆ ಖಾತ್ರಿಯನ್ನು ಈಗ ಪ್ರತಿ ಕುಟುಂಬವೂ ತಾನೇ ಕಟ್ಟಿಕೊಳ್ಳಬೇಕಾಗಿದೆ.

ಉಳಿದ ಜೀವಗಳ ಲೆಕ್ಕ ಸಣ್ಣದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ 65ರಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–20ರ ಹೊತ್ತಿಗೆ ಅದು 97ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ 2004–06ರಲ್ಲಿ 213 ಇದ್ದದ್ದು 2019–21ರಲ್ಲಿ 63ಕ್ಕೆ ಇಳಿಯಿತು.

ಮೂರು ತಡಗಳು

ಹಾಗಿದ್ದರೂ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಾಜ್ಯವೇ ಕಂಗೆಟ್ಟಿತು. ಅನುಮಾನ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಬಿತ್ತು. ಬಳಿಕ ಆರೋಗ್ಯ ಇಲಾಖೆ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ಶೇ 70ರಷ್ಟನ್ನು ತಡೆಯಬಹುದಿತ್ತು ಎಂಬುದು ಆ ಪರಿಶೋಧನೆಯಲ್ಲಿ ಕಂಡುಬಂದ ಸಂಗತಿ. ಔಷಧದ ಗುಣಮಟ್ಟ, ವೈದ್ಯರ ಹಾಜರಿ, ರಕ್ತದ ದಾಸ್ತಾನು ಇವು ಸರ್ಕಾರದ ಹೊಣೆ. ಯಾವ ಕುಟುಂಬದ ಸಿದ್ಧತೆಯೂ ಅವುಗಳ ಜಾಗ ತುಂಬಲಾರದು. ಕುಟುಂಬದ ಕೈಯಲ್ಲಿರುವುದು ಸಮಯ.

ಸಮಯ ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಮೂರು ತಡಗಳಾಗಿ ಬಿಡಿಸಿಟ್ಟರು. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ಮೊದಲ ತಡ, ಆಸ್ಪತ್ರೆ ತಲುಪುವುದರಲ್ಲಿ ಎರಡನೆಯದು, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಮೂರನೆಯದು. ಇಂದಿಗೂ ಜಗತ್ತಿನೆಲ್ಲೆಡೆ ತಾಯಂದಿರ ಸಾವಿನ ವಿಚಾರಣೆ ನಡೆಯುವುದು ಹೆಚ್ಚಾಗಿ ಈ ಮೂರು ಪ್ರಶ್ನೆಗಳ ಮೇಲೆಯೇ. ರಾಜಗೋಪಾಲನಗರದ ಮೂರನೇ ಮಹಡಿಯ ಮನೆಯಲ್ಲಿ ನಡುರಾತ್ರಿ ನೋವು ಶುರುವಾದರೆ ಎದುರಾಗುವುದೂ ಇವೇ. ಗಂಡ ರಾತ್ರಿ ಪಾಳಿಯಲ್ಲಿದ್ದಾನೆ, ಅತ್ತೆ ಊರಲ್ಲಿದ್ದಾರೆ. ಹೊರಡೋಣವೆಂದು ಹೇಳುವವರು ಯಾರು?

ಕಾಗದ ಮೊದಲು

2022ರ ನವೆಂಬರ್ ಮೊದಲ ವಾರ ತುಮಕೂರಿನಲ್ಲಿ ನಡೆದದ್ದನ್ನು ಕರ್ನಾಟಕ ಮರೆಯಬಾರದು. ತಮಿಳುನಾಡು ಮೂಲದ, ಬಾಡಿಗೆ ಮನೆಯಲ್ಲಿದ್ದ ತುಂಬು ಗರ್ಭಿಣಿಯೊಬ್ಬರು ನೋವು ತಿನ್ನುತ್ತಾ ಜಿಲ್ಲಾಸ್ಪತ್ರೆಗೆ ಹೋದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಅವರನ್ನು ದಾಖಲಿಸಿಕೊಳ್ಳಲಿಲ್ಲ. ಮನೆಗೆ ಮರಳಿದ ಆಕೆ ಅವಳಿ ಮಕ್ಕಳಿಗೆ ಜನ್ಮ ಕೊಟ್ಟು, ಎರಡೂ ಶಿಶುಗಳ ಜೊತೆ ಪ್ರಾಣ ಬಿಟ್ಟರು. ವೈದ್ಯೆ ಮತ್ತು ಶುಶ್ರೂಷಕಿಯರು ಅಮಾನತಾದರು. ತುರ್ತು ಸ್ಥಿತಿಯಲ್ಲಿ ಯಾವ ದಾಖಲೆಯನ್ನೂ ಕೇಳದೆ ಮೊದಲು ಚಿಕಿತ್ಸೆ ಕೊಡಬೇಕೆಂದು ಸರ್ಕಾರ ಸ್ಪಷ್ಟವಾಗಿ ಸೂಚಿಸಿತು.

ಈ ಸೂಚನೆ ಪ್ರತಿ ವಲಸೆ ಕುಟುಂಬಕ್ಕೂ ಗೊತ್ತಿರಬೇಕು. ಕಾರ್ಡ್ ಇಲ್ಲವೆಂದು ಬಾಗಿಲಿನಿಂದ ವಾಪಸು ಕಳಿಸುವ ಹಕ್ಕು ಯಾರಿಗೂ ಇಲ್ಲ. ಆದರೂ ಆ ಹೊತ್ತಿನಲ್ಲಿ ವಾದಿಸುವ ಪ್ರಮೇಯವೇ ಬಾರದಂತೆ ಕಾಗದ ಕೈಯಲ್ಲಿರುವುದು ಲೇಸು. ಮುಟ್ಟು ನಿಂತು ಮೂರು ತಿಂಗಳು ತುಂಬುವುದರೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿದರೆ ತಾಯಿ ಕಾರ್ಡ್ ಸಿಗುತ್ತದೆ. ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಅದರ ಮೇಲೆಯೇ ಬರೆದಿಟ್ಟುಕೊಳ್ಳಬಹುದು. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ತೂಕ, ಸ್ಕ್ಯಾನಿಂಗ್ ಎಲ್ಲವೂ ಆ ಕಾರ್ಡಿನಲ್ಲಿ ದಾಖಲಾಗುವುದರಿಂದ, ಆಕೆಯನ್ನು ಹಿಂದೆಂದೂ ನೋಡಿರದ ವೈದ್ಯೆಗೂ ನಡುರಾತ್ರಿ ಪರಿಸ್ಥಿತಿ ಒಂದೇ ನೋಟಕ್ಕೆ ತಿಳಿಯುತ್ತದೆ.

ಹಣದ ನೆರವಿಗೂ ಇದೇ ದಾರಿ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಡಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆ. ಜನನಿ ಸುರಕ್ಷಾ ಯೋಜನೆಯಡಿ ಬಡ ಕುಟುಂಬದ ಹೆಣ್ಣುಮಗಳಿಗೆ ನಗರದ ಹೆರಿಗೆಗೆ 600, ಹಳ್ಳಿಯ ಹೆರಿಗೆಗೆ 700 ರೂಪಾಯಿ. ಮೊತ್ತ ದೊಡ್ಡದಲ್ಲ, ಬಾಣಂತಿಯ ಹೆಸರಿನಲ್ಲೇ ಬರುತ್ತದೆ ಎಂಬುದು ದೊಡ್ಡದು.

ತವರಿಗೆ ಹೋಗುವುದೆಂದು ನಿಶ್ಚಯವಾದರೆ ಅಪಾಯ ಬೇರೆ ಬಗೆಯದು. ಏಳೆಂಟು ತಿಂಗಳು ಬೆಂಗಳೂರಿನಲ್ಲಿ ತೋರಿಸಿಕೊಂಡವಳು ಕೊನೆಯ ತಿಂಗಳಲ್ಲಿ ಅಪರಿಚಿತ ಆಸ್ಪತ್ರೆಯ ಪಾಲಾಗುತ್ತಾಳೆ. ಇಲ್ಲಿ ರಕ್ತದೊತ್ತಡ ಏರುತ್ತಿದ್ದದ್ದು ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಪ್ರಯಾಣ 36 ವಾರ ತುಂಬುವ ಮೊದಲೇ ಮುಗಿಯಬೇಕು. ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿಗಳು ಪೆಟ್ಟಿಗೆಯ ತಳದಲ್ಲಿರದೆ ಕೈಚೀಲದಲ್ಲಿರಬೇಕು. ಊರು ತಲುಪಿದ ವಾರದಲ್ಲೇ ಅಲ್ಲಿನ ಆಸ್ಪತ್ರೆಗೆ ಹೋಗಿ ಒಮ್ಮೆ ತೋರಿಸಿಕೊಳ್ಳಬೇಕು.

ಯಾವ ಆಸ್ಪತ್ರೆ, ಯಾವ ದಾರಿ

ಇಲ್ಲೇ ಹೆರಿಗೆ ಎಂದಾದರೆ ಆಯ್ಕೆಗಳಿಗೆ ಕೊರತೆಯಿಲ್ಲ. ಮನೆಯಲ್ಲಿ ಒಬ್ಬರಾದರೂ ಇಎಸ್‌ಐ ವಂತಿಗೆದಾರರಾಗಿದ್ದರೆ ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, ಪೀಣ್ಯದಲ್ಲೂ ಇಎಸ್‌ಐ ನಿಗಮದ ಆಸ್ಪತ್ರೆಯಿದೆ. ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್, ಶ್ರೀರಾಮಪುರ ಮತ್ತು ಹೊಸಹಳ್ಳಿಯಲ್ಲಿ ಪಾಲಿಕೆಯ ರೆಫರಲ್ ಆಸ್ಪತ್ರೆಗಳಿವೆ. ಹೆರಿಗೆ ಜಟಿಲವಾದರೆ ಕೊನೆಗೆ ಬಹುಪಾಲು ಬಡವರು ಸೇರುವುದು ವಾಣಿ ವಿಲಾಸಕ್ಕೆ. ಮೈಸೂರಿನ ಮಹಾರಾಣಿಯ ಹೆಸರು ಹೊತ್ತು 1935ರಲ್ಲಿ ಶುರುವಾದ, ಹೆಂಗಸರು ಮಕ್ಕಳಿಗಾಗಿಯೇ ಇರುವ ಸರ್ಕಾರಿ ಆಸ್ಪತ್ರೆ ಅದು.

ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳ. ರಾತ್ರಿ ಹೊತ್ತೂ ಹೆರಿಗೆ ಮಾಡಿಸುತ್ತಾರೆಯೇ? ಸಿಸೇರಿಯನ್ ಬೇಕಾದರೆ ಅರಿವಳಿಕೆ ತಜ್ಞರು ಸಿಗುತ್ತಾರೆಯೇ? ರಕ್ತ ಎಲ್ಲಿಂದ ಬರುತ್ತದೆ? ನವಜಾತ ಶಿಶುವಿಗೆ ತೀವ್ರ ನಿಗಾ ಘಟಕ ಇದೆಯೇ? ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ? ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಅದೇ ಗುಂಪಿನ ಒಬ್ಬಿಬ್ಬರು ದಾನಿಗಳನ್ನು ಗುರುತಿಸಿಟ್ಟಿರಬೇಕು. ಮಗುವಿನ ರಕ್ತ ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಬೀಳಬೇಕೆಂಬುದನ್ನೂ ನೆನಪಿಟ್ಟಿರಬೇಕು.

2011ರ ಜೂನ್ 1ರಂದು ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ, ಸಿಸೇರಿಯನ್ನಿಗೂ ಸೇರಿ, ಕಾಸು ಕೊಡಬೇಕಿಲ್ಲ. ಔಷಧ, ಪರೀಕ್ಷೆ, ರಕ್ತ, ಊಟ, ಬರುವ ವಾಹನ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ಕಾರ್ಖಾನೆಯ ಸಂಬಳದಲ್ಲಿ ಬದುಕುವ ಕುಟುಂಬ ಖಾಸಗಿ ನರ್ಸಿಂಗ್ ಹೋಮಿಗಾಗಿ ಬಡ್ಡಿಗೆ ಸಾಲ ಮಾಡುವ ಮುನ್ನ ಈ ಸಾಲನ್ನು ಇನ್ನೊಮ್ಮೆ ಓದಲಿ.

ದಾರಿಯ ವಿಚಾರ ಪೀಣ್ಯದ ಸುತ್ತಮುತ್ತ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. 2021ರ ಡಿಸೆಂಬರ್‌ನಲ್ಲಿ ಕೇಬಲ್ ದೋಷದಿಂದ ಪೀಣ್ಯ ಮೇಲ್ಸೇತುವೆ ಮುಚ್ಚಿದಾಗ ಗೊರಗುಂಟೆಪಾಳ್ಯದಲ್ಲಿ ವಾಹನಗಳು ಹೇಗೆ ನಿಂತುಬಿಡುತ್ತಿದ್ದವೆಂದು ಅವರು ಬಲ್ಲರು. ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಒಂದು ದಾರಿ, ರಾತ್ರಿಗೆ ಇನ್ನೊಂದು ಎಂದು ಎರಡನ್ನೂ ಗೊತ್ತು ಮಾಡಿಕೊಂಡಿರಬೇಕು. ಕರ್ನಾಟಕದಲ್ಲಿ 2008ರ ನವೆಂಬರ್‌ನಿಂದ ಓಡುತ್ತಿರುವ 108 ಆಂಬುಲೆನ್ಸ್ ಕರೆದರೆ ಬರುತ್ತದೆ. ಆದರೆ ಬೈಕುಗಳು ನಿಂತ ಕಿರಿದಾದ ಅಡ್ಡರಸ್ತೆಯಲ್ಲಿ ಅದಕ್ಕೆ ಮನೆ ಸಿಗುವುದಿಲ್ಲ. ಮುಖ್ಯರಸ್ತೆಯ ಯಾವ ದೇವಸ್ಥಾನ, ಯಾವ ಅಂಗಡಿಯ ಎದುರು ನಿಲ್ಲಬೇಕೆಂದು ಹೇಳಿ, ಅಲ್ಲಿಗೆ ಒಬ್ಬರನ್ನು ಓಡಿಸಬೇಕು. ಬೀದಿಯ ಇಬ್ಬರು ಆಟೊ ಚಾಲಕರ ನಂಬರ್ ಗೋಡೆಯ ಮೇಲೆ ಬರೆದಿಟ್ಟಿರಬೇಕು. ದೊಡ್ಡ ಮಗುವಿದ್ದರೆ ಆ ರಾತ್ರಿ ಅದನ್ನು ಯಾವ ಮನೆಯಲ್ಲಿ ಮಲಗಿಸುವುದೆಂಬುದೂ ಮೊದಲೇ ಮಾತಾಗಿರಬೇಕು.

ರಜೆ ಬೇರೆ, ರಾಜೀನಾಮೆ ಬೇರೆ

ಹೊಟ್ಟೆ ಕಾಣಿಸತೊಡಗಿದೊಡನೆ ಕೆಲಸ ಬಿಟ್ಟು ಪಿಎಫ್ ಹಣ ತೆಗೆದುಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಅವರು ಕಳೆದುಕೊಳ್ಳುವುದು ಅರ್ಧ ವರ್ಷದ ಸಂಬಳವನ್ನು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲಿನ 12 ವಾರಗಳ ಸಂಬಳಸಹಿತ ರಜೆಯನ್ನು 26 ವಾರಕ್ಕೆ ಏರಿಸಿತು. ಬದುಕಿರುವ ಇಬ್ಬರು ಮಕ್ಕಳಿದ್ದವರಿಗೆ ಮಾತ್ರ ಹಳೆಯ 12 ವಾರ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಹಾಗೆಯೇ ಉಳಿಸಿಕೊಂಡಿದೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಈ ಹಕ್ಕು ಸಿಗುತ್ತದೆ. ರಜೆಯಲ್ಲಿದ್ದವಳನ್ನು ಕೆಲಸದಿಂದ ತೆಗೆಯುವಂತಿಲ್ಲ.

ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಆ ಹಣ ಮಾಲೀಕರಿಂದ ಬರುವುದಿಲ್ಲ, ನಿಗಮದಿಂದ ಬರುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನಗಳ ವಂತಿಗೆ ಕಟ್ಟಿರಬೇಕು. ಗುತ್ತಿಗೆದಾರ ಬದಲಾಗುತ್ತಲೇ ಇರುವ ಶೆಡ್ಡುಗಳಲ್ಲಿ ಈ 70 ದಿನಗಳ ಲೆಕ್ಕವೇ ಎಡವಟ್ಟಾಗುವುದು. ಸಂಬಳದ ಚೀಟಿಯಲ್ಲಿ ಕಡಿತ ಕಾಣುತ್ತಿದೆಯೇ, ಹಣ ನಿಜಕ್ಕೂ ಜಮೆಯಾಗಿದೆಯೇ ಎಂದು ನಾಲ್ಕನೇ ತಿಂಗಳಲ್ಲೇ ನೋಡಿಕೊಂಡರೆ ಸರಿಪಡಿಸಲು ಸಮಯವಿರುತ್ತದೆ. ಗಂಡ ಮಾತ್ರ ವಂತಿಗೆದಾರನಾಗಿದ್ದರೆ ಹೆಂಡತಿಗೆ ಚಿಕಿತ್ಸೆ ಸಿಗುತ್ತದೆ, ರಜೆಯ ಸಂಬಳ ಸಿಗುವುದಿಲ್ಲ.

26 ವಾರಗಳಲ್ಲಿ ಹೆಚ್ಚೆಂದರೆ 8 ವಾರಗಳನ್ನು ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಅಷ್ಟನ್ನೂ ಮೊದಲೇ ಖರ್ಚು ಮಾಡಿದರೆ ಮಗುವಿನ ಪಾಲಿಗೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಹಾಗೆಂದು ಕಾಲು ಊದಿಕೊಂಡು ದಿನವಿಡೀ ನಿಂತು ದುಡಿಯುವವಳಿಗೆ ಕೊನೆಯ ವಾರದವರೆಗೂ ಕೆಲಸ ಮಾಡೆನ್ನುವುದು ಅನ್ಯಾಯ. ಇದನ್ನು ತೂಗಿ ನೋಡಬೇಕಾದವರು ಆಕೆ ಮತ್ತು ಆಕೆಯ ವೈದ್ಯೆ.

ಮೈ ಕೊಡುವ ಸೂಚನೆ

ದಿನ ತುಂಬುವುದೆಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ. ಆದರೆ ವೈದ್ಯರು ಬರೆದುಕೊಟ್ಟ ತಾರೀಖಿನಂದೇ ಹುಟ್ಟುವ ಮಕ್ಕಳು ಬಹಳ ಕಡಿಮೆ. 37 ವಾರ ದಾಟಿದ ಮೇಲೆ ಯಾವ ದಿನ ಬೇಕಾದರೂ ಹೊರಡಲು ತಯಾರಿರಬೇಕು.

ಅದಕ್ಕೂ ಮುಂಚೆ ರಕ್ತಹೀನತೆ ಸರಿಹೋಗಬೇಕು. ರಾಜ್ಯದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ಅದಿದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ, ಬೇರೆ ಹೆಂಗಸರು ತಾಳಿಕೊಳ್ಳುವಷ್ಟು ರಕ್ತಸ್ರಾವವೇ ಆಕೆಯ ಪ್ರಾಣಕ್ಕೆ ಎರವಾಗಬಹುದು. ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕು, ಟೀ ಕಾಫಿ ಜೊತೆಗಲ್ಲ. ವಾಕರಿಕೆ ಬರುತ್ತದೆಂದು ಮಾತ್ರೆ ಬಿಡುವವರು ರಾತ್ರಿ ಊಟದ ನಂತರ ತೆಗೆದುಕೊಂಡು ನೋಡಬಹುದು. ಪ್ರತಿ ತಿಂಗಳ 9ರಂದು ಸರ್ಕಾರಿ ಕೇಂದ್ರಗಳಲ್ಲಿ ತಜ್ಞರು ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ವ್ಯವಸ್ಥೆ 2016ರಿಂದ ಇದೆ.

ಹೆರಿಗೆ ನೋವು ಬಿಟ್ಟು ಬಿಟ್ಟು ಬರುತ್ತದೆ. ಹೊತ್ತು ಕಳೆದಂತೆ ಬಿಡುವು ಕಿರಿದಾಗುತ್ತದೆ, ಬಿಗಿತ ಹೆಚ್ಚುತ್ತದೆ. ಐದು ನಿಮಿಷಕ್ಕೊಮ್ಮೆ ಬಂದು ಒಂದು ನಿಮಿಷ ನಿಲ್ಲುವ ನೋವು ಒಂದು ಗಂಟೆಯಾದರೂ ಹಾಗೆಯೇ ಮುಂದುವರಿದರೆ ಹೊರಡಬೇಕು. ಪೀಣ್ಯದ ವಾಹನದಟ್ಟಣೆಗೆ ಇನ್ನೂ ಮೊದಲೇ ಹೊರಟರೆ ಒಳ್ಳೆಯದು. ಇನ್ನು ಕೆಲವು ಲಕ್ಷಣಗಳಿಗೆ ಗಡಿಯಾರ ನೋಡುತ್ತಾ ಕೂರಬಾರದು: ರಕ್ತಸ್ರಾವ, ನೀರು ಒಡೆಯುವುದು, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಫಿಟ್ಸ್, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಯಾರ ಅಪ್ಪಣೆಗೂ ಕಾಯದೆ ಹೊರಡುವುದೆಂದು ಮನೆಯಲ್ಲಿ ಮೊದಲೇ ಒಪ್ಪಂದವಾಗಿರಬೇಕು. ಮೊದಲ ತಡವನ್ನು ನೀಗುವ ಉಪಾಯ ಇದೊಂದೇ.

ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಲು ಸರ್ಕಾರಿ ಆಸ್ಪತ್ರೆಗಳಲ್ಲೂ ಅವಕಾಶ ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತಿಳಿಸಿದೆ. ಬೆನ್ನು ನೀವಿ, ಕೈ ಹಿಡಿದು, ಧೈರ್ಯ ಹೇಳುವ ಆ ಜೀವದ ಬೆಲೆ ನೋವು ತಿಂದವರಿಗೇ ಗೊತ್ತು. ಒಡಿಶಾದಿಂದ ಬಂದ, ಕನ್ನಡ ಬಾರದ ಹುಡುಗಿಗೆ ಆಕೆ ದುಭಾಷಿಯೂ ಹೌದು. ತಾಯಿ, ಅತ್ತೆ ಹತ್ತಿರವಿಲ್ಲದಿದ್ದರೆ ಪಕ್ಕದ ಮನೆಯವಳನ್ನೋ ಕಾರ್ಖಾನೆಯ ಗೆಳತಿಯನ್ನೋ ಮೊದಲೇ ಕೇಳಿಟ್ಟುಕೊಳ್ಳಬೇಕು.

ಬಾಣಂತನದ ಹೊಣೆ

ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲೇ ಇರುವುದು ಕ್ಷೇಮ. ಮೊದಲ ದಿನದ ರಕ್ತಸ್ರಾವವೇ ತಾಯಂದಿರ ದೊಡ್ಡ ಶತ್ರು. ಹುಟ್ಟಿದ ಗಂಟೆಯೊಳಗೆ ಮಗುವಿಗೆ ಮೊಲೆಯೂಡಿಸಬೇಕು. ಹಳದಿ ಬಣ್ಣದ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬಾರದು. ಬಾಣಂತಿಯ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆ ಇಡುವುದು ತಾಯಿ ಮಗು ಇಬ್ಬರ ಉಸಿರಿಗೂ ಅಪಾಯ. ನೀರು ಕುಡಿಯಬಾರದೆಂಬ ಕಟ್ಟುಪಾಡು ಹಾಲಿಗೂ ಆರೋಗ್ಯಕ್ಕೂ ಒಳ್ಳೆಯದಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆಯ ಗುಡಿಸಲಲ್ಲಿ ಇರಿಸಲಾಗಿತ್ತು. ಮಳೆ ಚಳಿ ತಾಳದೆ ಕೂಸು ಅಸುನೀಗಿತು. ತವರಿನಲ್ಲಿ ಹೆರಿಗೆ ಎಂದು ಮಾತಾಡುವಾಗ ಅಲ್ಲಿ ಬಾಣಂತನ ಹೇಗೆ ನಡೆಯುತ್ತದೆಂಬುದನ್ನೂ ಬಾಯಿಬಿಟ್ಟು ಕೇಳಬೇಕು.

ವಾರಗಳು ಕಳೆದರೂ ಅಳು ನಿಲ್ಲದಿದ್ದರೆ, ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ ಅದು ಕಾಯಿಲೆಯ ಲಕ್ಷಣ, ಆಕೆಯ ತಪ್ಪಲ್ಲ. ಇಂಥ ತಾಯಂದಿರನ್ನು ಮಗುವಿನ ಜೊತೆಯಲ್ಲೇ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಜನನ ನೋಂದಣಿಗೆ 21 ದಿನಗಳ ಗಡುವಿದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ, ಊರು ಬದಲಿಸುತ್ತಲೇ ಇರುವ ಕುಟುಂಬಕ್ಕೆ ಅದು ಬಹಳ ಮುಖ್ಯ. ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ಮೊದಲೇ ತಂದೆ ತಾಯಿಯ ಹೆಸರಿನ ಅಕ್ಷರ ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು.

ಹೆರಿಗೆಯ ಯೋಜನೆಯಲ್ಲಿ ಹಲವರು ಬರೆಯಲು ಮರೆಯುವುದು ಕೆಲಸಕ್ಕೆ ಮರಳುವ ದಿನವನ್ನು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಮಗುವನ್ನು ನೋಡಬಹುದು. 15 ತಿಂಗಳವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. ಇದು ಕಾನೂನು. ದೊಡ್ಡ ಗಾರ್ಮೆಂಟ್ಸ್‌ಗೆ ಇದು ಅನ್ವಯಿಸುತ್ತದೆ, ಹತ್ತಿಪ್ಪತ್ತು ಜನರ ಶೆಡ್ಡಿಗೆ ಅನ್ವಯಿಸುವುದಿಲ್ಲ. ಅಂಗನವಾಡಿಯ ಶಾಲಾಪೂರ್ವ ತರಗತಿಗೆ ಸೇರಬೇಕಾದರೆ ಮಗುವಿಗೆ ಮೂರು ವರ್ಷವಾಗಿರಬೇಕು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಉತ್ತರ ಸಿಗದೆ ರಾಜಗೋಪಾಲನಗರದ ತಾಯಂದಿರು ಕೆಲಸ ಬಿಡಬೇಕಾಗುತ್ತದೆ, ಇಲ್ಲವೇ ಮಗುವನ್ನು ಊರಲ್ಲಿ ಅಜ್ಜಿಯ ಬಳಿ ಬಿಟ್ಟು ಬರಬೇಕಾಗುತ್ತದೆ. ಹಲವು ಘಟಕಗಳು ಸೇರಿ ಒಂದೇ ಶಿಶುಪಾಲನಾ ಕೇಂದ್ರ ನಡೆಸಲು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅವಕಾಶವಿದೆ. ಶೆಡ್ಡಿಗೆ ಶೆಡ್ಡು ಅಂಟಿಕೊಂಡಿರುವ ಪೀಣ್ಯದಂಥ ಜಾಗದಲ್ಲಿ ಬೀದಿಗೊಂದು ಕೇಂದ್ರ ತೆರೆಯುವುದು ಕಷ್ಟವಲ್ಲ. ಕೈಗಾರಿಕಾ ಸಂಘಗಳೂ ಕಾರ್ಮಿಕ ಇಲಾಖೆಯೂ ಪಾಲಿಕೆಯೂ ಕೂತು ಮಾತಾಡಿ ಇದನ್ನು ಮಾಡಬೇಕು.